ಅಮ್ಮನ ಜೊತೆ ಕಲೋನ್ ಕೆಥೆಡ್ರಲ್: ಒಂದೇ ದಿನ, ಮಂಡಿನೋವು ಬೇರೆ. ಹೇಗೆ ನೋಡೋದು?

ಅಶೋಕರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನಿರೋದು ಜರ್ಮನಿಯ ಡಾರ್ಮ್‌ಷ್ಟಾಟ್‌ನಲ್ಲಿ. ಮುಂದಿನ ತಿಂಗಳು ಮೈಸೂರಿನಿಂದ ಅಮ್ಮ ಬರ್ತಿದ್ದಾರೆ. ಎಲ್ಲೆಲ್ಲಿ ಹೋಗೋಣ ಅಂತ ಫೋನಿನಲ್ಲಿ ಕೇಳಿದರೆ ಬೇರೆ ಯಾವ ಊರಿನ ಹೆಸರನ್ನೂ ಎತ್ತಲಿಲ್ಲ. "ನನಗೆ ಆ ಕಲೋನ್ ಚರ್ಚ್ ತೋರಿಸಿಬಿಡು, ಮಿಕ್ಕಿದ್ದು ನಿನ್ನಿಷ್ಟ" ಅಂದರು.

ಕಾರಣ ಮೈಸೂರಿನವರಿಗೆ ಗೊತ್ತಿರುತ್ತೆ. ಅಮ್ಮ ಹುಟ್ಟಿ ಬೆಳೆದದ್ದು ಸೇಂಟ್ ಫಿಲೋಮಿನಾ ಚರ್ಚಿನ ಹತ್ತಿರದ ಬೀದಿಯಲ್ಲಿ. ನಾವು ಕ್ರೈಸ್ತರಲ್ಲ. ಆದರೂ ಕ್ರಿಸ್‌ಮಸ್ ರಾತ್ರಿ ಗೋದಲಿ ನೋಡೋಕೆ ಹೋಗೋದು, ಪರೀಕ್ಷೆಗೆ ಮುಂಚೆ ಒಂದು ಮೇಣದಬತ್ತಿ ಹಚ್ಚಿ ಬರೋದು ಅವರ ಮನೆಯಲ್ಲಿ ಮಾಮೂಲಿ. ಆ ಅವಳಿ ಗೋಪುರ ಕಲೋನಿನ ಚರ್ಚನ್ನು ನೋಡಿ ಕಟ್ಟಿದ್ದು ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ಅವರು ಇವತ್ತಿಗೂ ಮರೆತಿಲ್ಲ.

ಅವರಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು. ಸಮತಟ್ಟಾದ ಕಡೆ ನಿಧಾನವಾಗಿ ನಡೀತಾರೆ, ಮೆಟ್ಟಿಲು ಕಷ್ಟ. ಬೆಳಗ್ಗೆ ರೈಲಿನಲ್ಲಿ ಹೋಗಿ ರಾತ್ರಿ ವಾಪಸ್ ಬರೋ ಯೋಚನೆ. ಗೋಪುರ ಹತ್ತದಿದ್ದರೆ ಹೋಗಿದ್ದೇ ವ್ಯರ್ಥವಾಗುತ್ತಾ? ಪೂಜೆ ನಡೀತಿದ್ದರೆ ನಮ್ಮಂಥವರನ್ನು ಒಳಗೆ ಬಿಡ್ತಾರಾ? ಒಳಗೆ ಏನೇನು ನೋಡಬೇಕು? ಇಂಟರ್‌ನೆಟ್ಟಿನಲ್ಲಿ ಎತ್ತರ, ಉದ್ದ, ಇಸವಿ ಇಷ್ಟೇ ಸಿಗ್ತಿದೆ. ಅಮ್ಮ ನಿವೃತ್ತ ಶಿಕ್ಷಕಿ, ಪ್ರತಿಯೊಂದಕ್ಕೂ "ಯಾಕೆ" ಅಂತ ಕೇಳ್ತಾರೆ. ಅಲ್ಲಿ ಓಡಾಡಿ ತಿಳಿದವರು ಹೇಳಿದರೆ ಉಪಕಾರ.

ಬಾನ್‌ನಿಂದ ಮಂಜು

ದಾರಿ ಬಗ್ಗೆ ಚಿಂತೆ ಬೇಡ. ಕಲೋನ್ ಮುಖ್ಯ ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ಕೆಥೆಡ್ರಲ್. ಟ್ಯಾಕ್ಸಿ, ಟ್ರಾಮ್ ಏನೂ ಬೇಕಿಲ್ಲ. ನಿಲ್ದಾಣದ ಮುಂದಿನ ಅಂಗಳದಿಂದ ಚರ್ಚಿನ ಅಂಗಳಕ್ಕೆ ಒಂದಷ್ಟು ಅಗಲವಾದ ಮೆಟ್ಟಿಲಿದೆ, ಅದೊಂದನ್ನು ಅಮ್ಮ ನಿಧಾನವಾಗಿ ಹತ್ತಲಿ.

ದೊಡ್ಡ ಸೂಟ್‌ಕೇಸ್, ಟ್ರಾಲಿ ಇದ್ದರೆ ಚರ್ಚಿನೊಳಗೆ ಬಿಡೋದಿಲ್ಲ. ನಿಲ್ದಾಣದಲ್ಲೇ ಸಾಮಾನು ಇಡುವ ಯಂತ್ರಗಳಿವೆ. ದುಡ್ಡು ಹಾಕಿದರೆ ಪೆಟ್ಟಿಗೆಯನ್ನು ಕೆಳಗೆ ನೆಲಮಾಳಿಗೆಗೆ ಎಳೆದುಕೊಳ್ಳುತ್ತೆ, ವಾಪಸ್ ಬಂದು ಚೀಟಿ ಕೊಟ್ಟರೆ ಮೇಲೆ ಕಳಿಸುತ್ತೆ.

ಯಾವ ಧರ್ಮದವರಾದರೂ ಹೋಗಬಹುದು. ಪೂಜೆ ಹೊತ್ತಿನಲ್ಲಿ ಸುತ್ತಾಡಿ ನೋಡೋಕೆ ಬಿಡಲ್ಲ, ಕೂತು ಭಾಗವಹಿಸೋರಿಗೆ ಅಡ್ಡಿಯಿಲ್ಲ. ಕೆಂಪು ನಿಲುವಂಗಿ ತೊಟ್ಟವರು ಅಲ್ಲಲ್ಲಿ ನಿಂತಿರ್ತಾರೆ, ಅವರು ಅಲ್ಲಿನ ಕಾವಲಿನವರು. ಏನು ಬೇಕಾದರೂ ಅವರನ್ನು ಕೇಳಿ. ಟೋಪಿ ತೆಗೀಬೇಕು, ಮಾತು ಮೆಲ್ಲಗಿರಬೇಕು, ಅಷ್ಟೇ. ಸಮಯ, ಶುಲ್ಕ ಇತ್ಯಾದಿ ಆಗಾಗ ಬದಲಾಗೋದರಿಂದ ಹೊರಡುವ ಹಿಂದಿನ ದಿನ ಅವರ ವೆಬ್‌ಸೈಟ್ ನೋಡಿಕೊಳ್ಳಿ. ಭಾನುವಾರ ಬೆಳಗ್ಗೆ ಮಾತ್ರ ಬೇಡ, ಒಂದರ ಹಿಂದೊಂದು ಪೂಜೆ ಇರುತ್ತೆ.

ಹೇಮಾವತಿ ತೀರ

ನಾನು ಕಲೋನಿನಲ್ಲೇ ವಾಸ. ಸಿವಿಲ್ ಎಂಜಿನಿಯರ್, ಹಳೆಯ ಕಟ್ಟಡಗಳ ದುರಸ್ತಿಗೆ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಕೆಥೆಡ್ರಲ್ಲಿಗೂ ನನ್ನ ಕಚೇರಿಗೂ ಸಂಬಂಧವಿಲ್ಲ, ಆದರೆ ನನಗೂ ಅದಕ್ಕೂ ಬಹಳ ನಂಟಿದೆ. ಹುಟ್ಟೂರು ಬೇಲೂರಿನ ಹತ್ತಿರ. ಕಲ್ಲಿನ ಗೋಡೆ ಕಂಡರೆ ಹತ್ತಿರ ಹೋಗಿ ನೋಡದೆ ಇರಲು ಆಗುವುದಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎಷ್ಟೋ ಸಲ ಆ ಚರ್ಚಿನ ಬೆಂಚಿನ ಮೇಲೆ ಕೂತು ಬಂದಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆ ಕಂಡಾಗ ಉದ್ದವಾಗಿಯೇ ಬರೆಯಬೇಕು ಅನ್ನಿಸಿತು.

ಮೊದಲು ಗೋಪುರದ ಮಾತು. ಬೇಸರವಿಲ್ಲದೆ ಬಿಟ್ಟುಬಿಡಿ. ಗೋಪುರದ ಮೇಲೆ ನಿಂತರೆ ಊರು ಕಾಣುತ್ತೆ, ಹೊಳೆ ಕಾಣುತ್ತೆ, ಕೆಥೆಡ್ರಲ್ ಒಂದು ಕಾಣುವುದಿಲ್ಲ. ನಿಮ್ಮ ತಾಯಿ ಬರುತ್ತಿರುವುದೇ ಅದನ್ನು ನೋಡಲು.

ಅವರಿಗೆ ತೋರಿಸಲೇಬೇಕಾದ್ದು ಒಂದಿದೆ. ಆ ಕಟ್ಟಡವನ್ನು ಎರಡು ಕಾಲದ ಜನ ಕಟ್ಟಿದ್ದಾರೆ, ನಡುವೆ ಮುನ್ನೂರು ವರ್ಷ ಅದು ಅರ್ಧಕ್ಕೇ ನಿಂತಿತ್ತು. ಇದನ್ನು ತಲೆಯಲ್ಲಿಟ್ಟುಕೊಂಡು ಒಳಗೆ ಹೋದರೆ ಪ್ರತಿ ಕಂಬವೂ ಬೇರೆಯಾಗಿ ಕಾಣುತ್ತದೆ. ಇಲ್ಲದಿದ್ದರೆ "ಅಬ್ಬಾ ಎಷ್ಟೆತ್ತರ" ಅಂತ ಕತ್ತೆತ್ತಿ, ಫೋಟೋ ತೆಗೆದು, ಇಪ್ಪತ್ತು ನಿಮಿಷಕ್ಕೆ ಹೊರಗೆ ಬರ್ತಾರೆ. ಬಹಳಷ್ಟು ಜನ ಹಾಗೇ ಬರುವುದನ್ನು ನೋಡಿ ನನಗೆ ಸಂಕಟವಾಗುತ್ತೆ.

ಕಥೆ ಹೀಗೆ. 1164ರಲ್ಲಿ ಆರ್ಚ್‌ಬಿಷಪ್ ರೈನಾಲ್ಡ್ ಫಾನ್ ಡಾಸೆಲ್ ಇಟಲಿಯ ಮಿಲಾನಿನಿಂದ ಮೂವರು ರಾಜರ ಅಸ್ಥಿಗಳನ್ನು ಕಲೋನಿಗೆ ತಂದ. ಗೋದಲಿಯಲ್ಲಿ ಒಂಟೆ ಜೊತೆ ನಿಲ್ಲಿಸುತ್ತಾರಲ್ಲ, ಬಾಲಯೇಸುವಿಗೆ ಕಾಣಿಕೆ ತಂದ ಆ ಮೂವರು. ಯಾತ್ರಿಕರು ಹರಿದು ಬರತೊಡಗಿದರು. ಹಳೆಯ ಚರ್ಚು ಸಾಲದಾಯಿತು. 1248ರ ವಸಂತದಲ್ಲಿ ಅದನ್ನು ಕೆಡವುವಾಗಲೇ ಬೆಂಕಿ ಬಿದ್ದು ಸುಟ್ಟಿತು. ಅದೇ ವರ್ಷ ಆಗಸ್ಟ್ 15ರಂದು ಆರ್ಚ್‌ಬಿಷಪ್ ಕೊನ್ರಾಡ್ ಫಾನ್ ಹೋಖ್‌ಸ್ಟಾಡೆನ್ ಹೊಸದಕ್ಕೆ ಅಡಿಗಲ್ಲು ಹಾಕಿದ. ಮೊದಲ ಮುಖ್ಯ ಶಿಲ್ಪಿಯ ಹೆಸರು ಗೆರ್ಹಾರ್ಡ್. ಪೂರ್ವದ ತುದಿ, ಅಂದರೆ ಬಲಿಪೀಠವಿರುವ ಭಾಗ, ಮುಗಿದು 1322ರಲ್ಲಿ ಪ್ರತಿಷ್ಠೆ ಆಯಿತು. ಮಿಕ್ಕ ಕೆಲಸದ ಧೂಳು, ಮಳೆ ಒಳಗೆ ಬಾರದಿರಲಿ ಅಂತ ಅದರ ಪಶ್ಚಿಮಕ್ಕೆ ತಾತ್ಕಾಲಿಕವಾಗಿ ಒಂದು ಗೋಡೆ ಎಬ್ಬಿಸಿದರು. ಆ ತಾತ್ಕಾಲಿಕ ಗೋಡೆಯನ್ನು ಕೆಡವಿದ್ದು 1863ರಲ್ಲಿ.

ನಡುವೆ ಆದದ್ದು ಇಷ್ಟು: 16ನೇ ಶತಮಾನದಲ್ಲಿ ಹಣ ಬತ್ತಿತು, ಕೆಲಸ ನಿಂತಿತು. ದಕ್ಷಿಣ ಗೋಪುರ ಎರಡು ಅಂತಸ್ತು ಎದ್ದಿತ್ತು. ಅದರ ಮೇಲೆ ಕಲ್ಲು ಎತ್ತುವ ಮರದ ದೊಡ್ಡ ಕ್ರೇನು. ಕೆಲಸ ನಿಂತರೂ ಕ್ರೇನು ಅಲ್ಲೇ ಉಳಿಯಿತು, 1868ರವರೆಗೆ. ಆ ಕಾಲದ ಚಿತ್ರಗಳಲ್ಲಿ ಕಲೋನ್ ಊರನ್ನು ಗುರುತಿಸುವುದೇ ಆ ಕ್ರೇನಿನಿಂದ. ತಲೆಮಾರುಗಳು ಹುಟ್ಟಿ ಸತ್ತವು, ಕ್ರೇನು ಕಲ್ಲಿಗಾಗಿ ಕಾಯುತ್ತಲೇ ಇತ್ತು. 1794ರಲ್ಲಿ ಫ್ರೆಂಚ್ ಕ್ರಾಂತಿಯ ಸೈನ್ಯ ಬಂದಾಗ ಚರ್ಚು ಉಗ್ರಾಣವಾಯಿತು, ಸೆರೆಮನೆಯಾಯಿತು.

ಇಲ್ಲಿ ನಿಮ್ಮ ಊರು ಬರುತ್ತದೆ, ಗಮನವಿಟ್ಟು ಓದಿ. ಪಶ್ಚಿಮ ಮುಖ ಹೇಗಿರಬೇಕು ಅಂತ ಮಧ್ಯಯುಗದ ಶಿಲ್ಪಿಗಳು ಚರ್ಮದ ಹಾಳೆಯ ಮೇಲೆ ಬರೆದಿಟ್ಟ ನಕ್ಷೆ, ನಾಲ್ಕು ಮೀಟರಿಗೂ ಎತ್ತರದ್ದು, ಕಳೆದುಹೋಗಿತ್ತು. 1814ರಲ್ಲಿ ಅದರ ಅರ್ಧ ಡಾರ್ಮ್‌ಷ್ಟಾಟ್‌ನ ಒಂದು ಹೋಟೆಲಿನ ಅಟ್ಟದಲ್ಲಿ ಸಿಕ್ಕಿತು. ಅದು ಏನು ಅಂತ ಗುರುತಿಸಿದವರು ಗಿಯೋರ್ಗ್ ಮೋಲರ್ ಎಂಬ ವಾಸ್ತುಶಿಲ್ಪಿ. ಇನ್ನರ್ಧ 1816ರಲ್ಲಿ ಪ್ಯಾರಿಸ್ಸಿನಲ್ಲಿ ಸಿಕ್ಕಿತು, ಹುಡುಕಿದವರು ಕಲೋನಿನ ಸುಲ್ಪಿಟ್ಸ್ ಬೋಸರೇ. ಎರಡೂ ಸೇರಿದ ಮೇಲೆ "ಮುಗಿಸಬಹುದು" ಅನ್ನುವ ಧೈರ್ಯ ಬಂತು. 1842ರಲ್ಲಿ ಪ್ರಷ್ಯಾದ ದೊರೆ ನಾಲ್ಕನೇ ಫ್ರೀಡ್ರಿಷ್ ವಿಲ್‌ಹೆಲ್ಮ್ ಮತ್ತೊಮ್ಮೆ ಅಡಿಗಲ್ಲು ಹಾಕಿದ. ಅವನು ಪ್ರಾಟೆಸ್ಟೆಂಟ್, ಚರ್ಚು ಕ್ಯಾಥೊಲಿಕ್, ಆದರೂ ಹಾಕಿದ. ಊರಿನವರು ಸಂಘ ಕಟ್ಟಿಕೊಂಡು ಚಂದಾ ಎತ್ತಿದರು, ಲಾಟರಿ ನಡೆಸಿದರು. 1880ರಲ್ಲಿ ಮುಗಿಯಿತು. ಆಗ ಜಗತ್ತಿನಲ್ಲೇ ಎತ್ತರದ ಕಟ್ಟಡ ಅದು, 157 ಮೀಟರ್. ನಾಲ್ಕು ವರ್ಷಕ್ಕೆ ಅಮೆರಿಕದ ವಾಷಿಂಗ್‌ಟನ್ ಸ್ಮಾರಕ ಅದನ್ನು ಹಿಂದೆ ಹಾಕಿತು.

ನನ್ನನ್ನು ಹಿಡಿದಿಟ್ಟಿರುವುದು ಇದೇ. ಅರ್ಧಕ್ಕೇ ಬಿಟ್ಟುಬಿಟ್ಟ ಕಟ್ಟಡಗಳನ್ನು ನಾವು ಎಷ್ಟೋ ನೋಡಿದ್ದೇವೆ. ಆರುನೂರು ವರ್ಷ ಹಳೆಯ ನಕ್ಷೆಗೆ ತಲೆಬಾಗಿ, "ನಮ್ಮ ಕಾಲದ ಶೈಲಿ ಬೇರೆ" ಅನ್ನದೆ, ಅದೇ ಗೆರೆಯ ಮೇಲೆ ಕೈಯಾಡಿಸಿ ಮುಗಿಸಿದವರು ಎಲ್ಲಿ ಸಿಗುತ್ತಾರೆ? ಹಾಗಂತ ಅವರು ತಮ್ಮ ಕಾಲದ ಬುದ್ಧಿಯನ್ನು ಬಿಡಲಿಲ್ಲ. ಹೊರಗಿನಿಂದ ಕಾಣದ ಹಾಗೆ ಮಾಳಿಗೆಯ ಇಡೀ ಚೌಕಟ್ಟನ್ನು ಮರದ ಬದಲು ಕಬ್ಬಿಣದಲ್ಲಿ ಮಾಡಿದರು, ಐಫೆಲ್ ಗೋಪುರ ಏಳುವುದಕ್ಕೆ ಬಹಳ ಮೊದಲೇ. ಎರಡನೇ ಮಹಾಯುದ್ಧದ ಬೆಂಕಿಯಲ್ಲಿ ಮರದ ಮಾಳಿಗೆಯಿದ್ದಿದ್ದರೆ ಏನಾಗುತ್ತಿತ್ತೋ.

ಈಗ ನಡೆಯುವ ದಾರಿ. ಪಶ್ಚಿಮದ ಅಂಗಳದಲ್ಲಿ ನಿಂತು ಬಲಗಡೆಯ ಬಾಗಿಲನ್ನು ಮೊದಲು ತೋರಿಸಿ. ಪೀಟರನ ಬಾಗಿಲು ಅಂತಾರೆ. ಮಧ್ಯಯುಗದಲ್ಲಿ ಮುಗಿದದ್ದು ಅದೊಂದೇ, ಮಿಕ್ಕ ಎಲ್ಲ ಬಾಗಿಲೂ 19ನೇ ಶತಮಾನದವು. ಒಳಗೆ ಹೋದ ಮೇಲೆ ಮಧ್ಯದ ಬೆಂಚೊಂದರಲ್ಲಿ ಅಮ್ಮನನ್ನು ಕೂರಿಸಿ. ಅವಸರ ಬೇಡ. ನೀವು ಕೂತಿರುವ ಜಾಗದ ಮೇಲಿನ ಕಮಾನು 19ನೇ ಶತಮಾನದ್ದು, ಎದುರಿಗೆ ದೂರದಲ್ಲಿ ಬಲಿಪೀಠದ ಸುತ್ತ ಕಾಣುವುದು 13ನೇ ಶತಮಾನದ್ದು, ಎರಡೂ ನೆಲದಿಂದ 43 ಮೀಟರ್. ಆ ತಾತ್ಕಾಲಿಕ ಗೋಡೆ ಎಲ್ಲಿತ್ತು ಅಂತ ಹುಡುಕಲು ಅವರಿಗೇ ಹೇಳಿ. ಶಿಕ್ಷಕಿ ಅಂದಿರಲ್ಲ, ಖುಷಿಪಡುತ್ತಾರೆ. ಶಿಲುಬೆಯಾಕಾರದ ಕಟ್ಟಡದ ಅಡ್ಡತೋಳು ಬಂದು ಕೂಡುವ ಕಡೆ, ಪೂರ್ವಕ್ಕೆ ಕಮಾನು ಶುರುವಾಗುವಲ್ಲಿ ಅಂತ ಆಮೇಲೆ ಹೇಳಬಹುದು.

ಅಲ್ಲಿಂದ ಎಡಕ್ಕೆ, ಉತ್ತರದ ತೋಳಿಗೆ. ಒಡವೆಗಳನ್ನು ಹೊತ್ತ ಒಬ್ಬ ಮರಿಯಮ್ಮ ಇದ್ದಾಳೆ. ಸರ, ಉಂಗುರ, ಪದಕ, ಎಲ್ಲ ಭಕ್ತರು ಹರಕೆ ಒಪ್ಪಿಸಿದ್ದು. ಮುಂದೆ ಮೇಣದಬತ್ತಿಗಳ ಸಾಲು. ನಿಮ್ಮ ತಾಯಿಗೆ ಆ ಜಾಗದ ಬಗ್ಗೆ ನಾನೇನೂ ವಿವರಿಸಬೇಕಿಲ್ಲ, ಒಂದು ಬತ್ತಿಗೆ ಬೇಕಾಗುವಷ್ಟು ಚಿಲ್ಲರೆ ಇಟ್ಟುಕೊಂಡಿರಿ.

ಮುಂದೆ ಬಲಿಪೀಠದ ಹಿಂದೆ ಸುತ್ತು ಹಾಕುವ ಓಣಿ ಇದೆ, ನಮ್ಮ ದೇವಸ್ಥಾನದ ಪ್ರದಕ್ಷಿಣಾ ಪಥದ ಹಾಗೇ. ಪೂಜೆ ಹೊತ್ತಿನಲ್ಲಿ ಮುಚ್ಚಿರುತ್ತೆ. ಉತ್ತರದಿಂದ ಹೊಕ್ಕರೆ ಮೊದಲು ಸಿಗುವುದು ಗೇರೋ ಶಿಲುಬೆ. ಓಕ್ ಮರದ್ದು, ಆಳೆತ್ತರದ ಕ್ರಿಸ್ತ. 976ರಲ್ಲಿ ತೀರಿಕೊಂಡ ಆರ್ಚ್‌ಬಿಷಪ್ ಗೇರೋ ಕಾಲದ್ದು. ಅಂದರೆ ಈ ಕಟ್ಟಡಕ್ಕಿಂತ ಹೆಚ್ಚುಕಡಿಮೆ ಮುನ್ನೂರು ವರ್ಷ ಹಿರಿಯದು, ಸುಟ್ಟ ಹಳೆಯ ಚರ್ಚಿನಿಂದ ಉಳಿದು ಬಂದದ್ದು. ಅದಕ್ಕೂ ಹಿಂದಿನ ಕಾಲದ ಶಿಲುಬೆಗಳಲ್ಲಿ ಕ್ರಿಸ್ತ ಕಣ್ಣು ತೆರೆದು, ಗೆದ್ದವನಂತೆ ನಿಂತಿರುತ್ತಿದ್ದ. ಇಲ್ಲಿ ಸತ್ತಿದ್ದಾನೆ. ತಲೆ ವಾಲಿದೆ, ಹೊಟ್ಟೆ ಜೋತಿದೆ, ತೋಳಿನ ಸ್ನಾಯು ಎಳೆದುಕೊಂಡಿದೆ. ನಮ್ಮ ಶ್ರವಣಬೆಳಗೊಳದ ಗೊಮ್ಮಟ ನಿಂತದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಅಲ್ಲಿ ಬಳ್ಳಿ ಹಬ್ಬಿದರೂ ಅಲುಗದ ಮೈ, ಇಲ್ಲಿ ನೋವಿಗೆ ಸೋತು ಜೋತ ಮೈ. ಎರಡರ ಮುಂದೆಯೂ ನಾನು ಬಹಳ ಹೊತ್ತು ನಿಂತಿದ್ದೇನೆ. ಇಡೀ ಚರ್ಚಿನಲ್ಲಿ ಒಂದನ್ನೇ ನೋಡಲು ಸಮಯವಿದೆ ಅಂದರೆ ಇದನ್ನು ನೋಡಿ.

ಸ್ವಲ್ಪ ಮುಂದೆ ಯೋಹಾನನ ಗುಡಿ. ಅಡಿಗಲ್ಲು ಹಾಕಿದ ಕೊನ್ರಾಡನ ಸಮಾಧಿ ಅಲ್ಲಿದೆ, ಮೇಲೆ ಅವನ ಕಂಚಿನ ಪ್ರತಿಮೆ. ಅದೇ ಗುಡಿಯಲ್ಲಿ ಪರದೆಯ ಹಿಂದೆ ನಿಮ್ಮ ಡಾರ್ಮ್‌ಷ್ಟಾಟ್‌ನ ನಕ್ಷೆ. ಬೆಳಕಿಗೆ ಮಾಸದಿರಲಿ ಅಂತ ಪರದೆ.

ಬಲಿಪೀಠದ ಹಿಂದೆ ಗಾಜಿನೊಳಗೆ ಮೂವರು ರಾಜರ ಚಿನ್ನದ ಪೆಟ್ಟಿಗೆ. ವೆರ್ಡುನ್‌ನ ನಿಕೊಲಾಸ್ ಎಂಬ ಅಕ್ಕಸಾಲಿ 1190ರ ಸುಮಾರಿಗೆ ಶುರು ಮಾಡಿದ್ದು, ಅವನ ಜೊತೆಯವರು 1225ರ ಹೊತ್ತಿಗೆ ಮುಗಿಸಿದರು. 2.2 ಮೀಟರ್ ಉದ್ದ, ಚರ್ಚಿನ ಆಕಾರದ್ದೇ. ಪಕ್ಕಗಳಲ್ಲಿ ಕೂತಿರುವ ಪ್ರವಾದಿಗಳ ಬಟ್ಟೆಯ ನೆರಿಗೆ ನೋಡಿ, ಲೋಹವೇ ಅಂತ ಅನುಮಾನ ಬರುತ್ತೆ. ಇಡೀ ಕಟ್ಟಡ ಎದ್ದದ್ದು ಈ ಪೆಟ್ಟಿಗೆಗಾಗಿ. ದಕ್ಷಿಣಕ್ಕೆ ತಿರುಗಿದರೆ ಮರಿಯಮ್ಮನ ಗುಡಿಯಲ್ಲಿ ಸ್ಟೆಫಾನ್ ಲೋಖ್ನರ್ 1445ರ ಸುಮಾರಿಗೆ ಬರೆದ ವರ್ಣಚಿತ್ರ, ಅದೂ ಇದೇ ಮೂವರು ರಾಜರದ್ದು.

ಕೊನೆಗೆ ದಕ್ಷಿಣ ತೋಳಿನ ಕಿಟಕಿ. ಹಳೆಯದು ಯುದ್ಧದಲ್ಲಿ ಹೋಯಿತು. 2007ರಲ್ಲಿ ಚಿತ್ರಕಾರ ಗೆರ್ಹಾರ್ಡ್ ರಿಖ್ಟರ್ ಹೊಸದು ಮಾಡಿಕೊಟ್ಟರು. ಸಂತರ ಚಿತ್ರ ಒಂದೂ ಇಲ್ಲ. 72 ಬಣ್ಣದ ಹನ್ನೊಂದು ಸಾವಿರಕ್ಕೂ ಹೆಚ್ಚು ಚೌಕಗಳು, ಯಾವುದು ಎಲ್ಲಿ ಅನ್ನುವುದನ್ನು ಬಹುಪಾಲು ಕಂಪ್ಯೂಟರಿನ ಆಕಸ್ಮಿಕಕ್ಕೆ ಬಿಟ್ಟದ್ದು. ಆಗಿನ ಕಾರ್ಡಿನಲ್ ಮೈಸ್ನರ್ ಅವರಿಗೆ ಹಿಡಿಸಲಿಲ್ಲ, ಬಹಿರಂಗವಾಗಿಯೇ ಹೇಳಿದರು. ನನಗೆ ಬಹಳ ಇಷ್ಟ. ಬಿಸಿಲಿದ್ದರೆ ಮಧ್ಯಾಹ್ನ ಹನ್ನೆರಡರ ಆಸುಪಾಸಿನಲ್ಲಿ ಅಲ್ಲಿರುವಂತೆ ನೋಡಿಕೊಳ್ಳಿ, ಬಣ್ಣ ಕಂಬಗಳ ಮೇಲೆ ಇಳಿಯುತ್ತದೆ.

ಒಳಗೆ ಎರಡು ಗಂಟೆ ಸಾಕು, ಅದರಲ್ಲಿ ಅರ್ಧ ಕೂತುಕೊಂಡೇ.

ಎಸೆನ್ ಧಾರವಾಡ

ಮ್ಯಾಲಿನವರು ಭಾಳ ಚಂದ ಬರದಾರ. ಗೋಪುರದ್ದು ನಾ ಹೇಳ್ತೀನ್ರಿ, ಯಾಕಂದ್ರ ನಾ ಹತ್ತೇನಿ. 533 ಮೆಟ್ಟಲ. ಲಿಫ್ಟ್ ಇಲ್ಲ. ಸುರುಳಿ ಹಂಗ ತಿರಗತಾವ, ಹತ್ತೋರು ಇಳಿಯೋರು ಗ್ವಾಡಿಗೆ ಅಂಟಿಕೊಂಡು ದಾಟಬೇಕು. ಅವ್ವಾರಿಗೆ ಖಂಡಿತ ಬ್ಯಾಡ. ನಿಮಗ ಹುರುಪಿದ್ರ ಅವ್ವಾರನ್ನ ಒಳಗ ಬಾಕಿನ ಮ್ಯಾಲ ಕುಂಡ್ರಿಸಿ ನೀವೊಬ್ರ ಹೋಗಿ ಬರ್ರಿ. ಮ್ಯಾಲ ಸುಮಾರು 97 ಮೀಟರ್ ಎತ್ತರದಾಗ ನಿಂತು ನೋಡಾಕ ಜಾಗ ಅದ.

ನನಗಂತೂ ಮ್ಯಾಲಿನ ನೋಟಕ್ಕಿಂತ ನಡುವಿನ ಗಂಟಿ ಖೋಲಿ ಮನಸ್ಸಿಗೆ ಹಿಡೀತು. ಅಲ್ಲಿ ತೂಗಿಬಿಟ್ಟ ದೊಡ್ಡ ಗಂಟಿಗೆ ಊರ ಮಂದಿ ದಪ್ಪ ಪೀಟರ ಅಂತಾರ. 24 ಟನ್. ಮೊದಲ ಅಲ್ಲಿ ಕೈಸರ್ ಗಂಟಿ ಅಂತ ಇನ್ನೂ ದೊಡ್ಡದು ಇತ್ತು, ಫ್ರೆಂಚರಿಂದ ಗೆದ್ದ ತೋಪು ಕರಗಿಸಿ ಮಾಡಿದ್ದು. 1918ರಾಗ ಯುದ್ಧಕ್ಕ ಲೋಹ ಬೇಕಂತ ಅದನ್ನ ಮತ್ತ ಕರಗಿಸಿದ್ರು. ತೋಪು ಗಂಟಿ ಆತು, ಗಂಟಿ ಮತ್ತ ಯುದ್ಧಕ್ಕ ಹೋತು. ಈಗಿನದು 1923ರಾಗ ಆಪೋಲ್ಡಾ ಊರಾಗ ಎರಕ ಹೊಯ್ದದ್ದು. ದಿನಾ ಹೊಡಿಯೂದಿಲ್ಲ, ದೊಡ್ಡ ಹಬ್ಬಕ್ಕ ಅಷ್ಟ. ಕ್ರಿಸ್‌ಮಸ್‌ಕ್ಕ ನಾ ಕೇಳೇನಿ. ಎದಿಯಾಗ ಬಡದಂಗ ಆಗತದ.

ಅಶೋಕರಸ್ತೆ

ಮೂವರಿಗೂ ಬಹಳ ಧನ್ಯವಾದ. ಹೇಮಾವತಿ ತೀರ ಮೇಡಂ, ನೀವು ಬರೆದದ್ದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಡಾರ್ಮ್‌ಷ್ಟಾಟ್‌ ಅಟ್ಟದ ಕಥೆಯನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಅವರ ಪ್ರಶ್ನೆಗಳು ಶುರುವಾದವು. ಫೋಟೋಗಳಲ್ಲಿ ಅಷ್ಟು ಕಪ್ಪಾಗಿ ಯಾಕೆ ಕಾಣುತ್ತೆ, ತೊಳೆಯೋದಿಲ್ಲವಾ? ಅಷ್ಟು ಕಲ್ಲು ಎಲ್ಲಿಂದ ತಂದರು? ಯುದ್ಧದಲ್ಲಿ ಊರೆಲ್ಲ ನೆಲಸಮವಾದಾಗ ಇದು ಹೇಗೆ ಉಳೀತು? ಇಷ್ಟಕ್ಕೆ ಉತ್ತರ ಸಿಕ್ಕರೆ ಅವರು ನೆಮ್ಮದಿಯಾಗಿ ವಿಮಾನ ಹತ್ತುತ್ತಾರೆ. ಇನ್ನೊಂದು, ಹೊರಗಿನಿಂದ ಇಡಿಯಾಗಿ ನೋಡಲು ಮೆಟ್ಟಿಲಿಲ್ಲದ ಜಾಗ ಇದೆಯಾ?

ಬನ್ನಿಮಂಟಪ

ಮೈಸೂರಿನ ಕಡೆಯಿಂದ ಒಂದು ಮಾತು ಸೇರಿಸಲಾ? ಕಲೋನ್ ಕಟ್ಟಿದ್ದು ಮಿಲಾನಿನಿಂದ ಬಂದ ಅಸ್ಥಿಗಾಗಿ ಅಂತ ಮೇಡಂ ಬರೆದಿದ್ದಾರೆ. ನಮ್ಮ ಫಿಲೋಮಿನಾ ಚರ್ಚಿನ ಕಥೆಯೂ ಹಾಗೇ ಶುರುವಾಗುತ್ತೆ. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ಪಡೆದು ಮೈಸೂರಿನ ಪಾದ್ರಿಗಳಿಗೆ ಒಪ್ಪಿಸಿದರು. ಅದಕ್ಕೆ ತಕ್ಕ ಚರ್ಚು ಬೇಕಾಯಿತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಅಲ್ಲಿ ಪ್ರಾಟೆಸ್ಟೆಂಟ್ ದೊರೆ ಕ್ಯಾಥೊಲಿಕ್ ಚರ್ಚಿಗೆ ಹಾಕಿದ, ಇಲ್ಲಿ ಹಿಂದೂ ದೊರೆ. ನಮ್ಮ ಗೋಪುರ 175 ಅಡಿ, ಅಂದರೆ 53 ಮೀಟರ್. ಕಲೋನಿನದು ಹೆಚ್ಚುಕಡಿಮೆ ಅದರ ಮೂರು ಪಟ್ಟು. ನಿಮ್ಮ ತಾಯಿಯವರಿಗೆ ಇದನ್ನು ಹೇಳಿ, ಎತ್ತರದ ಅಂದಾಜು ಸಿಗುತ್ತೆ. ಸಾಧ್ಯವಾದರೆ ಹೊರಡುವ ಮುನ್ನ ಒಮ್ಮೆ ಅಶೋಕ ರಸ್ತೆ ಕಡೆ ಹೋಗಿ ನಮ್ಮದನ್ನು ಮತ್ತೆ ನೋಡಿ ಬರಲಿ.

ಹೇಮಾವತಿ ತೀರ

ಬನ್ನಿಮಂಟಪ ಅವರೇ, ಎರಡು ಅಡಿಗಲ್ಲುಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ನಾನು ಯೋಚಿಸಿಯೇ ಇರಲಿಲ್ಲ. ಬಹಳ ಸಂತೋಷವಾಯಿತು.

ಅಮ್ಮನ ಪ್ರಶ್ನೆಗಳಿಗೆ ಬರುತ್ತೇನೆ. ಕಲ್ಲಿನಿಂದಲೇ ಶುರು ಮಾಡೋಣ, ಕಪ್ಪಿಗೂ ಅದಕ್ಕೂ ಸಂಬಂಧವಿದೆ.

ಮಧ್ಯಯುಗದವರು ಬಳಸಿದ್ದು ಟ್ರಾಕೈಟ್ ಅನ್ನುವ ಜ್ವಾಲಾಮುಖಿ ಕಲ್ಲು. ಬಾನ್ ದಾಟಿದ ಮೇಲೆ ರೈನ್ ನದಿಯ ಆಚೆ ದಡದಲ್ಲಿ ಡ್ರಾಖೆನ್‌ಫೆಲ್ಸ್ ಎಂಬ ಗುಡ್ಡವಿದೆ, ಅಲ್ಲಿ ಕಡಿದು ದೋಣಿಯಲ್ಲಿ ಹೊಳೆಯ ಜೊತೆಗೇ ಕೆಳಕ್ಕೆ ತಂದರು. ಹಳೆಯ ಭಾಗದ ಗೋಡೆಯನ್ನು ಹತ್ತಿರದಿಂದ ನೋಡಿದರೆ ಬೂದು ಕಲ್ಲಿನಲ್ಲಿ ಬೆರಳಿನಷ್ಟು ದೊಡ್ಡ ಬಿಳಿ ಹರಳುಗಳು ಕಾಣುತ್ತವೆ. ಅದೇ ಅದರ ಗುರುತು. ಮನೆಗಳಿಗೆ, ಚರ್ಚುಗಳಿಗೆ ಅಂತ ಕಡಿದು ಕಡಿದು ಗುಡ್ಡದ ತುದಿಯ ಹಳೆಯ ಕೋಟೆಯೇ ಉರುಳುವ ಸ್ಥಿತಿಗೆ ಬಂದಾಗ, 1836ರಲ್ಲಿ ಪ್ರಷ್ಯಾ ಸರ್ಕಾರ ಅದನ್ನು ಕೊಂಡು ಕಡಿಯುವುದನ್ನು ನಿಲ್ಲಿಸಿತು. ಆರು ವರ್ಷಕ್ಕೆ ಕೆಥೆಡ್ರಲ್ಲಿನ ಕೆಲಸ ಮತ್ತೆ ಶುರು. ನಕ್ಷೆ ಸಿಕ್ಕಿತ್ತು, ಹಣ ಬಂದಿತ್ತು, ಮೂಲ ಕಲ್ಲು ಮಾತ್ರ ಸಿಗುವಂತಿರಲಿಲ್ಲ. ಬೇರೆ ಬೇರೆ ಕಡೆಯಿಂದ ಮರಳುಗಲ್ಲು ತರಿಸಿದರು. ಅದರಲ್ಲಿ ಷ್ಲೈಟ್‌ಡಾರ್ಫ್ ಕಡೆಯದು ಕೆತ್ತಲು ಸುಲಭ, ಬಾಳಿಕೆ ಕಡಿಮೆ. ಹಾಗಾಗಿ ಇವತ್ತು ದುರಸ್ತಿಯಲ್ಲಿ ಹೆಚ್ಚು ಕಾಡುತ್ತಿರುವುದು 13ನೇ ಶತಮಾನದ ಕಲ್ಲಿಗಿಂತ 19ನೇ ಶತಮಾನದ್ದು. ಬೇಲೂರಿನ ಬಳಪದ ಕಲ್ಲಿನ ನುಣುಪು ನೋಡಿ ಬೆಳೆದ ನನಗೆ ಆ ಸವೆದ ಎಲೆಬಳ್ಳಿಗಳನ್ನು ಕಂಡರೆ ಹೊಟ್ಟೆ ಚುರ್ ಅನ್ನುತ್ತೆ.

ಕಪ್ಪು ಬಂದದ್ದು ಗಾಳಿಯಿಂದ. ಪಕ್ಕದಲ್ಲೇ ನಿಲ್ದಾಣ, ದಶಕಗಟ್ಟಲೆ ಉಗಿಬಂಡಿಗಳ ಹೊಗೆ, ಜೊತೆಗೆ ಸುತ್ತಲಿನ ಕಾರ್ಖಾನೆಗಳ ಕಲ್ಲಿದ್ದಲು. ಹೊಗೆಯ ಗಂಧಕ ಮಳೆನೀರಿನ ಜೊತೆ ಸೇರಿ ಕಲ್ಲಿನ, ಗಾರೆಯ ಸುಣ್ಣದ ಅಂಶವನ್ನು ಜಿಪ್ಸಮ್ ಮಾಡುತ್ತೆ, ಆ ಪದರ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತೆ. ಜೋರಾಗಿ ಉಜ್ಜಿ ತೆಗೆದರೆ ಕೆಳಗಿನ ಕಲ್ಲಿನ ಚರ್ಮವೂ ಎದ್ದು ಬರಬಹುದು. ಅದಕ್ಕೇ ದುರಸ್ತಿ ಮಾಡುವ ಕಡೆ ಮಾತ್ರ ಎಚ್ಚರಿಕೆಯಿಂದ ಶುಚಿ ಮಾಡುತ್ತಾರೆ. ಕಪ್ಪು ಗೋಡೆಯ ನಡುವೆ ಅಲ್ಲಲ್ಲಿ ತಿಳಿ ಬಣ್ಣದ ತುಂಡು ಕಂಡರೆ ಅದು ಇತ್ತೀಚಿನ ಕೆಲಸ.

ಆ ಕೆಲಸ ಮಾಡುವವರು ಕೆಥೆಡ್ರಲ್ಲಿನದ್ದೇ ಕಾರ್ಯಾಗಾರದವರು. ಕಲ್ಲುಕುಟಿಗರು, ಕಮ್ಮಾರರು, ಬಡಗಿಗಳು, ಗಾಜಿನ ಕೆಲಸದವರು, ಅಕ್ಕಸಾಲಿಗಳು ಒಂದೇ ಸೂರಿನಡಿ ಇದ್ದಾರೆ. ಕೆಥೆಡ್ರಲ್ ಮುಗಿದ ದಿನ ಲೋಕವೇ ಮುಗಿಯುತ್ತದೆ ಅಂತ ಊರಿನಲ್ಲಿ ಒಂದು ಮಾತಿದೆ, ಆದ್ದರಿಂದ ಎಲ್ಲಾದರೂ ಒಂದು ಸಾರ್ವೆ ಕಟ್ಟಿರುವುದನ್ನು ಕಂಡರೆ ಇಲ್ಲಿಯವರಿಗೆ ಸಮಾಧಾನ. ಅಮ್ಮನಿಗೆ ಸಾರ್ವೆ ಕಂಡು ನಿರಾಸೆಯಾಗದಿರಲಿ. ಅದೇ ಆ ಕಟ್ಟಡದ ಆರೋಗ್ಯ.

ಯುದ್ಧ. 14 ದೊಡ್ಡ ಬಾಂಬುಗಳು ಬಿದ್ದಿವೆ, ಸಣ್ಣವು ಬೇರೆ. ಮಧ್ಯದ ಕಮಾನುಗಳು ಕುಸಿದವು. ಹಳೆಯ ಕಿಟಕಿ ಗಾಜುಗಳನ್ನು, ಚಿನ್ನದ ಪೆಟ್ಟಿಗೆಯನ್ನು ಮೊದಲೇ ತೆಗೆದು ಸಾಗಿಸಿದ್ದರಿಂದ ಅವು ಉಳಿದವು. ಗೋಥಿಕ್ ಕಟ್ಟಡ ಒಂದು ಅಸ್ಥಿಪಂಜರದ ಹಾಗೆ, ಭಾರ ಹೊರುವುದು ಕಂಬ ಮತ್ತು ಹೊರಗಿನ ಆನಿಕೆ ಕಮಾನುಗಳು. ನಡುವೆ ಹೆಚ್ಚಾಗಿ ಗಾಜು. ಸ್ಫೋಟದ ಗಾಳಿ ಗಾಜು ಒಡೆದುಕೊಂಡು ಹಾದುಹೋಯಿತು, ಅಸ್ಥಿಪಂಜರ ನಿಂತಿತು. ಆದರೂ 1943ರಲ್ಲಿ ಉತ್ತರ ಗೋಪುರದ ಒಂದು ಮೂಲೆಯ ಕಂಬಕ್ಕೆ ಬಾಂಬು ಬಿದ್ದು ದೊಡ್ಡ ತೂತಾಯಿತು. ಗೋಪುರ ವಾಲದಿರಲಿ ಅಂತ ಅವಸರದಲ್ಲಿ ಇಟ್ಟಿಗೆ ತುಂಬಿದರು. ಆ ಇಟ್ಟಿಗೆಯ ತೇಪೆ ಯುದ್ಧದ ನೆನಪಾಗಿ ದಶಕಗಳ ಕಾಲ ಕಾಣುತ್ತಿತ್ತು, 2005ರ ಹೊತ್ತಿಗೆ ಅದರ ಮೇಲೆ ಮತ್ತೆ ಮೂಲದಂತೆ ಕಲ್ಲು ಕೂರಿಸಿದರು. ಅಡಿಗಲ್ಲು ಹಾಕಿ 700 ವರ್ಷವಾದ 1948ರಲ್ಲಿ ಒಂದು ಭಾಗವನ್ನು, 1956ರಲ್ಲಿ ಇಡೀ ಚರ್ಚನ್ನು ತೆರೆದರು.

ಇಡಿಯಾಗಿ ನೋಡುವ ಜಾಗ ಇದೆ, ಮೆಟ್ಟಿಲಿನ ತೊಂದರೆಯೂ ಹೆಚ್ಚಿಲ್ಲ. ರೈನ್ ಆಚೆಯ ಡಾಯ್ಟ್ಸ್ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಒಂದೇ ಸ್ಟಾಪು. ಅಲ್ಲಿ ಟ್ರಯಾಂಗಲ್ ಎಂಬ 103 ಮೀಟರ್ ಎತ್ತರದ ಕಟ್ಟಡದ ಮೇಲೆ ನೋಡುವ ಜಾಗವಿದೆ, ಲಿಫ್ಟಿನಲ್ಲಿ ಹೋಗಬಹುದು, ಟಿಕೆಟ್ ಇದೆ. ಅಲ್ಲಿಂದ ಕಾಣುವುದು ಕೆಥೆಡ್ರಲ್ಲಿನ ಪೂರ್ವದ ಬೆನ್ನು, ಅಂದರೆ 1248ರವರು ಕಟ್ಟಿದ ಭಾಗ, ಸುತ್ತ ಆನಿಕೆ ಕಮಾನುಗಳು, ಹಿಂದೆ 1880ರ ಗೋಪುರಗಳು. ನಾನು ಆಗಲೇ ಹೇಳಿದ ಎರಡೂ ಕಾಲ ಒಂದೇ ನೋಟದಲ್ಲಿ ಸಿಗುತ್ತೆ. ಆ ಕಟ್ಟಡದ ಜೊತೆ ಇನ್ನಷ್ಟು ಎತ್ತರದ ಕಟ್ಟಡಗಳನ್ನು ಸಾಲಾಗಿ ಎಬ್ಬಿಸಲು ಹೊರಟಾಗ, ಕೆಥೆಡ್ರಲ್ಲಿನ ನೋಟ ಹಾಳಾಗುತ್ತೆ ಅಂತ ಯುನೆಸ್ಕೋ 2004ರಲ್ಲಿ ಕೆಥೆಡ್ರಲ್ಲನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತ್ತು. ಊರಿನವರು ಎತ್ತರ ಕಡಿಮೆ ಮಾಡಿದ ಮೇಲೆ 2006ರಲ್ಲಿ ಪಟ್ಟಿಯಿಂದ ತೆಗೆಯಿತು. ಆ ತೀರ್ಮಾನಕ್ಕೆ ನಾನು ಇವತ್ತಿಗೂ ಕೃತಜ್ಞಳು.

ಹಾಗಾಗಿ ನಿಮ್ಮ ದಿನ ಹೀಗಿರಲಿ: ಹತ್ತೂವರೆಗೆ ಕಲೋನ್, ಹನ್ನೆರಡೂವರೆವರೆಗೆ ಒಳಗೆ, ಊಟ, ಅಮ್ಮನಿಗೆ ವಿಶ್ರಾಂತಿ, ಮೂರಕ್ಕೆ ಡಾಯ್ಟ್ಸ್. ಚಿನ್ನಬೆಳ್ಳಿ ವಸ್ತುಗಳ ಭಂಡಾರ, ರೋಮನ್ ಮ್ಯೂಸಿಯಂ ಎಲ್ಲ ಒಂದೇ ದಿನಕ್ಕೆ ತುರುಕಬೇಡಿ.

ಬಾನ್‌ನಿಂದ ಮಂಜು

ವಾಪಸ್ ಹೋಗೋದಕ್ಕೆ ನಂದೊಂದು ಸಲಹೆ. ಹೋಗುವಾಗ ಫ್ರಾಂಕ್‌ಫರ್ಟ್ ಮೇಲೆ ವೇಗದ ರೈಲು ಹಿಡೀರಿ, ಬೇಗ ತಲುಪ್ತೀರಿ. ಬರುವಾಗ ಬೆಳಕಿರುವಾಗಲೇ ಹೊರಟು ಕೊಬ್ಲೆನ್ಸ್, ಮೈನ್ಸ್ ಮೇಲಿನ ಹಳೆಯ ಮಾರ್ಗದ ರೈಲು ಹತ್ತಿ. ನಿಧಾನ, ಆದರೆ ಹೊಳೆ ಪಕ್ಕದಲ್ಲೇ ಹೋಗುತ್ತೆ. ಎಡಗಡೆ ಕಿಟಕಿ ಹಿಡೀರಿ. ಬಾನ್ ದಾಟಿ ಮೇಲೆಮ್ ಹತ್ತಿರ ಬಂದಾಗ ಆಚೆ ದಡದಲ್ಲಿ ಮುರುಕು ಕೋಟೆ ಹೊತ್ತ ಗುಡ್ಡ ಕಾಣುತ್ತೆ, ಅದೇ ಮೇಡಂ ಹೇಳಿದ ಡ್ರಾಖೆನ್‌ಫೆಲ್ಸ್. ಇನ್ನೊಂದು ದಿನ ಬಿಡುವಿದ್ದರೆ ಅದಕ್ಕೇ ಬನ್ನಿ. ಕ್ಯೋನಿಗ್ಸ್‌ವಿಂಟರ್ ಊರಿನಿಂದ ಗುಡ್ಡದ ಮೇಲಕ್ಕೆ 1883ರಿಂದ ಹಲ್ಲುಗಾಲಿಯ ರೈಲು ಓಡ್ತಿದೆ, ಅಮ್ಮ ಹತ್ತಬೇಕಿಲ್ಲ. ಬರೋದಾದರೆ ಇಲ್ಲೇ ಒಂದು ಸಾಲು ಹಾಕಿ, ನಾನು ನಿಲ್ದಾಣಕ್ಕೆ ಬರ್ತೀನಿ.

ಅಶೋಕರಸ್ತೆ

ಖಂಡಿತ ಹಾಕ್ತೀನಿ ಮಂಜು ಅವರೇ. ಬುಧವಾರಕ್ಕೆ ಟಿಕೆಟ್ ನೋಡ್ತಿದ್ದೀನಿ, ಭಾನುವಾರ ಬಿಟ್ಟೆ. ಅಮ್ಮ ನಾಳೆ ಬೆಳಗ್ಗೆ ಫಿಲೋಮಿನಾ ಚರ್ಚಿಗೆ ಹೋಗಿ ಬರ್ತಾರಂತೆ. ಕಂಬದಿಂದ ಕಂಬಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿಕೊಂಡು ಬರ್ತೀನಿ, ಅಲ್ಲಿ ಹೋಲಿಸಿ ನೋಡೋಣ ಅಂದಿದ್ದಾರೆ.